ಕ್ಯಾಪ್ಟನ್ ಜೇಮ್ಸ್ ಥೇನ್

ಮಹಾಪುರುಷರ ಜೀವನಚರಿತ್ರೆಗಳನ್ನು ನಾವು ಓದುವುದು ಸಾಮಾನ್ಯವಾಗಿ ಅವರು ಗಳಿಸಿದ ಜಯಗಳನ್ನು ತಿಳಿಯುವುದಕ್ಕಾಗಿ. ರಾಜ್ಯ ಕಟ್ಟಿದವರು, ಹೊಸ ಸತ್ಯವನ್ನು ಕಂಡುಹಿಡಿದವರು, ಕಾವ್ಯ ಬರೆದವರು, ಇವರ ಕಥೆಗಳು ನಮ್ಮ ಪಠ್ಯಪುಸ್ತಕಗಳಲ್ಲಿ ತುಂಬಿವೆ. ಆದರೆ ಜಗತ್ತಿಗೆಲ್ಲ ಹೆಸರು ತಿಳಿದಿದ್ದೂ ಬಾಳಿನಲ್ಲಿ ಅಂಥ ಜಯವನ್ನು ಕಾಣದ ಕೆಲವರು ಇದ್ದಾರೆ. ಒಂದು ನಿಮಿಷದ ದುರಂತವು ಅವರ ಹೆಸರಿಗೆ ಅಂಟಿಕೊಳ್ಳುತ್ತದೆ. ಉಳಿದ ಆಯುಷ್ಯವೆಲ್ಲ ಆ ನಿಮಿಷಕ್ಕೆ ಉತ್ತರ ಹೇಳುವುದರಲ್ಲಿಯೇ ಕಳೆದುಹೋಗುತ್ತದೆ. ಅಂಥವರ ಬಾಳಿನಿಂದಲೂ ಕಲಿಯುವುದು ಬಹಳವಿದೆ. ಇಂಗ್ಲೆಂಡಿನ ವಿಮಾನಚಾಲಕ ಕ್ಯಾಪ್ಟನ್ ಜೇಮ್ಸ್ ಥೇನನು ಅಂಥವರಲ್ಲಿ ಒಬ್ಬನು.

ಥೇನನು ಸಾಮಾನ್ಯ ಸೈನಿಕನ ಮಟ್ಟದಿಂದ ಮೇಲೆ ಬಂದವನು. ಬ್ರಿಟಿಷ್ ವಾಯುಸೇನೆಯಲ್ಲಿ ಸಾರ್ಜೆಂಟನಾಗಿದ್ದು, ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಅಧಿಕಾರಿಯ ಪದವಿಯನ್ನು ಪಡೆದನು. 1948ರಲ್ಲಿ ಫ್ಲೈಟ್ ಲೆಫ್ಟಿನೆಂಟನಾದನು. ಸೇನೆಯನ್ನು ಬಿಟ್ಟಮೇಲೆ ಬ್ರಿಟಿಷ್ ಯುರೋಪಿಯನ್ ಏರ್‌ವೇಸ್ ಎಂಬ ಸಂಸ್ಥೆಯನ್ನು ಸೇರಿ ಪ್ರಯಾಣಿಕರ ವಿಮಾನಗಳನ್ನು ನಡೆಸತೊಡಗಿದನು. ಬಿಡುವಿನ ವೇಳೆಗೆ ಅವನಿಗೆ ಬರ್ಕ್‌ಷೈರಿನಲ್ಲಿ ಒಂದು ಕೋಳಿ ಸಾಕಣೆಯ ತೋಟವಿತ್ತು. ಮೂವತ್ತಾರು ವರ್ಷದ ಹೊತ್ತಿಗೆ ಅವನು ಅನುಭವಿಯಾದ ಕ್ಯಾಪ್ಟನ್. 1958ರ ಫೆಬ್ರವರಿ ಬಾರದೆ ಇದ್ದಿದ್ದರೆ ಅವನ ಹೆಸರು ಅವನ ಊರಿನ ಆಚೆಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ಆ ತಿಂಗಳು ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಪ್ರಸಿದ್ಧ ಫುಟ್‌ಬಾಲ್ ತಂಡವು ಯುರೋಪಿಯನ್ ಕಪ್ ಪಂದ್ಯಕ್ಕಾಗಿ ಯುಗೊಸ್ಲಾವಿಯದ ಬೆಲ್‌ಗ್ರೇಡಿಗೆ ಹೋಗಬೇಕಾಯಿತು. ಮ್ಯಾಟ್ ಬಸ್‌ಬಿ ಎಂಬ ಗುರುವಿನ ಕೈಕೆಳಗೆ ಬೆಳೆದ ಆ ತಂಡದ ಆಟಗಾರರು ಬಹುಪಾಲು ಇಪ್ಪತ್ತರ ಆಸುಪಾಸಿನ ತರುಣರು. ಅವರಿಗಾಗಿ ಗೊತ್ತುಮಾಡಿದ ವಿಮಾನವು ಏರ್‌ಸ್ಪೀಡ್ ಅಂಬಾಸಡರ್ ಜಾತಿಯದು. ಎರಡು ಪಿಸ್ಟನ್ ಎಂಜಿನ್ನುಗಳದು. ಹೋಗುವಾಗ ಥೇನನೇ ಚಾಲನೆ ಮಾಡಿದನು. ಬರುವಾಗ ತನ್ನ ಜೊತೆಗಾರ ಕ್ಯಾಪ್ಟನ್ ಕೆನೆತ್ ರೇಮೆಂಟನಿಗೆ ಚಾಲನೆಯನ್ನು ಒಪ್ಪಿಸಿದನು. ರೇಮೆಂಟನೂ ಯುದ್ಧಕಾಲದಲ್ಲಿ ಹೆಸರು ಮಾಡಿದ ವೀರ. ಶೌರ್ಯಕ್ಕಾಗಿ ಪದಕ ಪಡೆದವನು. ವಿಮಾನದ ಯಜಮಾನಿಕೆ ಮಾತ್ರ ಥೇನನದೇ ಆಗಿತ್ತು. ಆದರೆ ಯಜಮಾನನು ಕುಳಿತುಕೊಳ್ಳಬೇಕಾದ ಎಡಗಡೆಯ ಆಸನದಲ್ಲಿ ರೇಮೆಂಟನು ಕುಳಿತನು. ಥೇನನು ಬಲಗಡೆಗೆ ಕುಳಿತನು. ಸಂಸ್ಥೆಯ ನಿಯಮಕ್ಕೆ ಇದು ವಿರುದ್ಧ. ಆಗ ಸಣ್ಣದೆಂದು ಕಂಡ ಈ ವಿಷಯವು ಮುಂದೆ ದೊಡ್ಡದಾಯಿತು.

ಫೆಬ್ರವರಿ 5ರಂದು ಪಂದ್ಯವು ಮೂರು ಮೂರು ಗೋಲುಗಳ ಸಮದಲ್ಲಿ ಮುಗಿಯಿತು. ಮೊದಲ ಪಂದ್ಯದಲ್ಲಿ ಗೆದ್ದಿದ್ದ ಮ್ಯಾಂಚೆಸ್ಟರ್ ತಂಡವು ಮುಂದಿನ ಸುತ್ತಿಗೆ ಏರಿತು. ಶನಿವಾರ ತಮ್ಮ ದೇಶದಲ್ಲಿ ಅವರಿಗೆ ಇನ್ನೊಂದು ಮುಖ್ಯ ಪಂದ್ಯವಿತ್ತು; ಅಷ್ಟರೊಳಗೆ ಊರು ಸೇರಲೇಬೇಕು. ಅಂಬಾಸಡರ್ ವಿಮಾನಕ್ಕೆ ಬೆಲ್‌ಗ್ರೇಡಿನಿಂದ ಮ್ಯಾಂಚೆಸ್ಟರಿಗೆ ಒಂದೇ ಉಸಿರಿನಲ್ಲಿ ಹಾರುವಷ್ಟು ಇಂಧನ ಹಿಡಿಯುತ್ತಿರಲಿಲ್ಲ. ಆದ್ದರಿಂದ 6ನೆಯ ತಾರೀಖು ಮಧ್ಯಾಹ್ನ ಅದು ಜರ್ಮನಿಯ ಮ್ಯೂನಿಕ್ ನಗರದ ರೀಮ್ ನಿಲ್ದಾಣದಲ್ಲಿ ಇಳಿಯಿತು. ಅಲ್ಲಿ ಹಿಮ ಬೀಳುತ್ತಿತ್ತು. ಬಿದ್ದ ಹಿಮವು ನೆಲದ ಮೇಲೆ ಅರ್ಧ ಕರಗಿ ಕೆಸರಿನಂತೆ ನಿಂತಿತ್ತು.

ಮುಂದಿನ ಕಥೆಯನ್ನು ತಿಳಿಯಬೇಕಾದರೆ ವಿಮಾನವು ನೆಲ ಬಿಡುವ ಕ್ರಮವನ್ನು ಸ್ವಲ್ಪ ತಿಳಿದಿರಬೇಕು. ವಿಮಾನದ ರೆಕ್ಕೆಗೆ ಎತ್ತುವ ಶಕ್ತಿ ಬರುವುದು ವೇಗದಿಂದ. ಆ ವೇಗವನ್ನು ರನ್‌ವೇ ಎಂಬ ಓಡುಹಾದಿಯ ಮೇಲೆ ಓಡಿ ಗಳಿಸಬೇಕು. ಹಾದಿಗೆ ಕೊನೆಯಿದೆ. ಆದ್ದರಿಂದ ಹೊರಡುವ ಮೊದಲೇ ಚಾಲಕರು ವಿಮಾನದ ತೂಕ, ಗಾಳಿ, ಹಾದಿಯ ಉದ್ದ ಇವನ್ನೆಲ್ಲ ಲೆಕ್ಕ ಹಾಕಿ ಒಂದು ವೇಗವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಅದಕ್ಕೆ ವಿ-ಒನ್ ಎಂದು ಹೆಸರು. ಆ ವೇಗ ಮುಟ್ಟುವುದಕ್ಕೆ ಮೊದಲು ಏನಾದರೂ ಕೆಟ್ಟರೆ ವಿಮಾನವನ್ನು ನಿಲ್ಲಿಸಬಹುದು. ಉಳಿದ ಹಾದಿ ನಿಲ್ಲುವುದಕ್ಕೆ ಸಾಕು. ಆ ವೇಗ ದಾಟಿದ ಮೇಲೆ ನಿಲ್ಲಿಸುವಂತಿಲ್ಲ. ಏನೇ ಬಂದರೂ ಹಾರಲೇಬೇಕು. ಹೊಳೆಯ ನಡುವೆ ಹೋದವನು ಹಿಂದಿರುಗುವುದಕ್ಕಿಂತ ಆಚೆಯ ದಡ ಸೇರುವುದೇ ಲೇಸೆನ್ನುವ ಹಾಗೆ. ಅಂದು ಮ್ಯೂನಿಕ್ಕಿನಲ್ಲಿ ಥೇನನ ವಿಮಾನಕ್ಕೆ ಆ ವೇಗ 117 ನಾಟ್, ಎಂದರೆ ಗಂಟೆಗೆ ಸುಮಾರು 217 ಕಿಲೋಮೀಟರ್. ನೆಲ ಬಿಡಲು ಬೇಕಾದ ವೇಗ 119 ನಾಟ್. ಹಾದಿಯ ಉದ್ದ ಸುಮಾರು 1900 ಮೀಟರ್.

ಎರಡೂವರೆ ಗಂಟೆಯ ಸುಮಾರಿಗೆ ವಿಮಾನವು ಮೊದಲನೆಯ ಸಲ ಓಡಿತು. ಎಡ ಎಂಜಿನ್ನಿನ ಒತ್ತಡವನ್ನು ತೋರುವ ಮುಳ್ಳು ನಿಲ್ಲದೆ ಅಲುಗಾಡಿತು; ಎಂಜಿನ್ನಿನ ಶಬ್ದವೂ ಏರಿಳಿಯಿತು. ರೇಮೆಂಟನು ಕೂಡಲೇ ಓಟವನ್ನು ನಿಲ್ಲಿಸಿದನು. ಕೆಲವೇ ನಿಮಿಷಗಳಲ್ಲಿ ಮತ್ತೆ ಓಡಿದರು. ಮತ್ತೆ ಅದೇ ತೊಂದರೆ. ಈ ಸಲವೂ ನಿಲ್ಲಿಸಿದರು. ಎರಡು ಸಲವೂ ವೇಗವು ಮಿತಿಯೊಳಗಿತ್ತು, ಹಾದಿ ಮುಂದಿತ್ತು, ತೀರ್ಮಾನವು ಸರಿಯಾಗಿತ್ತು. ಪ್ರಯಾಣಿಕರು ಇಳಿದು ನಿಲ್ದಾಣದ ಕಟ್ಟಡಕ್ಕೆ ಹೋದರು. ಇನ್ನು ಇಂದು ಹಾರುವುದಿಲ್ಲವೆಂದು ಅವರಲ್ಲಿ ಕೆಲವರು ನಂಬಿದರು.

ನಿಲ್ದಾಣದಲ್ಲಿ ಸಂಸ್ಥೆಯ ಎಂಜಿನಿಯರನು ಬಂದು ವಿಚಾರಿಸಿದನು. ಸಮುದ್ರಮಟ್ಟದಿಂದ ಎತ್ತರದಲ್ಲಿರುವ ಮ್ಯೂನಿಕ್ಕಿನಂಥ ನಿಲ್ದಾಣಗಳಲ್ಲಿ ಈ ಎಂಜಿನ್ನುಗಳಿಗೆ ಇಂಧನದ ಪಾಕ ಹೆಚ್ಚಾಗಿ ಹೀಗಾಗುವುದು ಅಪರೂಪವಲ್ಲ. ರಾತ್ರಿ ಅಲ್ಲಿಯೇ ನಿಂತು ಎಂಜಿನ್ನುಗಳನ್ನು ಸರಿಪಡಿಸಿಕೊಳ್ಳುವ ದಾರಿಯೊಂದಿತ್ತು. ಥ್ರಾಟಲನ್ನು ನಿಧಾನವಾಗಿ ತೆರೆದರೆ ಆ ಏರಿಳಿತ ತಪ್ಪುತ್ತದೆ ಎಂಬ ದಾರಿ ಇನ್ನೊಂದು. ಹಾಗೆ ಮಾಡಿದರೆ ಬೇಕಾದ ವೇಗ ಬರುವುದು ಹಾದಿಯ ಇನ್ನಷ್ಟು ಮುಂದಿನ ಭಾಗದಲ್ಲಿ. ಆದರೆ ಹಾದಿ ಉದ್ದವಾಗಿದೆ, ಸಾಕಾಗುತ್ತದೆ ಎಂದು ಥೇನನು ಲೆಕ್ಕ ಹಾಕಿದನು. ರೆಕ್ಕೆಗಳ ವಿಷಯವನ್ನೂ ಇಬ್ಬರೂ ಮಾತಾಡಿಕೊಂಡರು. ಬಿದ್ದ ಹಿಮ ಕರಗಿ ಹರಿದುಹೋಗುತ್ತಿದ್ದುದು ಕಾಣುತ್ತಿತ್ತು. ಆದ್ದರಿಂದ ಅದನ್ನು ತೆಗೆಸುವ ಅಗತ್ಯವಿಲ್ಲವೆಂದುಕೊಂಡರು. ಹತ್ತಿ ಮುಟ್ಟಿ ನೋಡಲಿಲ್ಲ. ಪ್ರಯಾಣಿಕರನ್ನು ಮತ್ತೆ ಕರೆಯಲಾಯಿತು.

ಮೂರು ಗಂಟೆಯಾಗಿ ಕೆಲವೇ ನಿಮಿಷಗಳಿಗೆ ಮೂರನೆಯ ಓಟವು ಮೊದಲಾಯಿತು. ನಡುವೆ ಎಂಜಿನ್ನು ಒಮ್ಮೆ ಅಲುಗಿತು. ಥ್ರಾಟಲನ್ನು ಸ್ವಲ್ಪ ಹಿಂದೆ ತೆಗೆದು ಮತ್ತೆ ಮುಂದಕ್ಕೆ ತಳ್ಳಿದ ಮೇಲೆ ಸರಿಹೋಯಿತು. ವೇಗವು 117 ನಾಟನ್ನು ಮುಟ್ಟಿತು. ಥೇನನು ವಿ-ಒನ್ ಎಂದು ಸಾರಿದನು. ಇನ್ನೆರಡು ನಾಟ್ ಏರಿದರೆ ವಿಮಾನ ಗಾಳಿಯಲ್ಲಿರುತ್ತಿತ್ತು. ಆದರೆ ಮುಳ್ಳು ಮೇಲಕ್ಕೆ ಹೋಗುವ ಬದಲು ಕೆಳಕ್ಕೆ ಬಂದಿತು. 112 ಆಯಿತು, 105 ಆಯಿತು. ಎಂಜಿನ್ನುಗಳು ಪೂರ್ಣ ಶಕ್ತಿಯಿಂದ ತಿರುಗುತ್ತಿದ್ದುವು. ಆ ವೇಗದಲ್ಲಿ ವಿಮಾನವು ಒಂದು ಸೆಕೆಂಡಿಗೆ ಐವತ್ತರಿಂದ ಅರವತ್ತು ಮೀಟರ್ ಹೋಗುತ್ತದೆ. ಹಾದಿಯ ಕೊನೆಯ ಮೂರನೆಯ ಒಂದು ಭಾಗವನ್ನು ದಾಟುವುದಕ್ಕೆ ಹನ್ನೆರಡು ಸೆಕೆಂಡು ಸಾಕು. ಹಾರಲು ವೇಗವಿಲ್ಲ, ನಿಲ್ಲಲು ಹಾದಿಯಿಲ್ಲ. ವಿಮಾನವು ಬೇಲಿಯನ್ನು ಮುರಿದು ರಸ್ತೆಯನ್ನು ದಾಟಿ ಒಂದು ಮನೆಗೆ ಬಡಿಯಿತು. ಎಡರೆಕ್ಕೆ ಕಿತ್ತುಹೋಯಿತು. ಉಳಿದ ಭಾಗವು ಒಂದು ಮರದ ಕೊಟ್ಟಿಗೆಗೆ ಹೊಡೆಯಿತು. ಅಲ್ಲಿದ್ದ ಲಾರಿ ಮತ್ತು ಇಂಧನಕ್ಕೆ ಬೆಂಕಿ ಹತ್ತಿತು.

ಥೇನನಿಗೆ ದೊಡ್ಡ ಗಾಯವಾಗಿರಲಿಲ್ಲ. ರೇಮೆಂಟನು ತನ್ನ ಆಸನದಲ್ಲಿ ಸಿಕ್ಕಿಬಿದ್ದಿದ್ದನು. ಸುತ್ತಲೂ ಅಲ್ಲಲ್ಲಿ ಬೆಂಕಿ. ಉಳಿದ ರೆಕ್ಕೆಯಲ್ಲಿ ನೂರಾರು ಗ್ಯಾಲನ್ ಇಂಧನ. ನಡೆಯಬಲ್ಲವರಿಗೆಲ್ಲ ದೂರ ಓಡಿಹೋಗುವಂತೆ ಥೇನನು ಕೂಗಿ ಹೇಳಿದನು. ತಾನು ಮಾತ್ರ ಹಿಂದಕ್ಕೆ ಹೋಗಿ, ಬೆಂಕಿ ಆರಿಸುವ ಕೈಯಂತ್ರಗಳನ್ನು ತಂದು, ರೇಡಿಯೋ ಅಧಿಕಾರಿಯೊಡನೆ ಸೇರಿ ಜ್ವಾಲೆಗಳನ್ನು ಒಂದೊಂದಾಗಿ ಆರಿಸತೊಡಗಿದನು. ತಂಡದ ಗೋಲ್‌ಕೀಪರ್ ಹ್ಯಾರಿ ಗ್ರೆಗ್ಗನೂ ಓಡಿಹೋಗದೆ ಒಳಗಿದ್ದವರನ್ನು ಎಳೆದು ತಂದನು. ವಿಮಾನದಲ್ಲಿದ್ದ 44 ಮಂದಿಯಲ್ಲಿ 23 ಮಂದಿ ತೀರಿಕೊಂಡರು. ಅವರಲ್ಲಿ ಎಂಟು ಮಂದಿ ಆಟಗಾರರು, ಎಂಟು ಮಂದಿ ಪತ್ರಕರ್ತರು. ಇಪ್ಪತ್ತೊಂದು ವರ್ಷದ ಡಂಕನ್ ಎಡ್ವರ್ಡ್ಸನು ಆಸ್ಪತ್ರೆಯಲ್ಲಿ ಹದಿನೈದು ದಿನ ಹೋರಾಡಿ ಸತ್ತನು. ರೇಮೆಂಟನೂ ಕೆಲವು ವಾರಗಳ ಮೇಲೆ ಕಣ್ಣು ಮುಚ್ಚಿದನು. ಇಬ್ಬರು ಚಾಲಕರಲ್ಲಿ ಉತ್ತರ ಹೇಳಲು ಉಳಿದವನು ಥೇನನೊಬ್ಬನೇ.

ಇಲ್ಲಿಂದ ಅವನ ಬಾಳಿನ ಎರಡನೆಯ ಭಾಗವು ಪ್ರಾರಂಭವಾಗುತ್ತದೆ. ಅಪಘಾತವಾಗಿ ಸುಮಾರು ಆರು ಗಂಟೆಗಳ ಮೇಲೆ ಜರ್ಮನಿಯ ತನಿಖಾಧಿಕಾರಿಯು ಮುರಿದ ವಿಮಾನದ ರೆಕ್ಕೆಯ ಮೇಲೆ, ಹೊಸದಾಗಿ ಬಿದ್ದ ಹಿಮದ ಕೆಳಗೆ, ಮಂಜುಗಡ್ಡೆಯನ್ನು ಕಂಡನು. ರೆಕ್ಕೆಯ ಮೇಲೆ ಮಂಜುಗಡ್ಡೆಯಿದ್ದರೆ ಎತ್ತುವ ಶಕ್ತಿ ಕುಂದುತ್ತದೆ. ವಿಮಾನ ಏರಲಿಲ್ಲವಲ್ಲ, ಕಾರಣ ಇದೇ ಎಂದು ತೀರ್ಮಾನಕ್ಕೆ ದಾರಿಯಾಯಿತು. ಹೊರಡುವ ಮುನ್ನ ತೆಗೆದ ಒಂದು ಛಾಯಾಚಿತ್ರವೂ ಪತ್ರಿಕೆಗಳಲ್ಲಿ ಬಂದಿತು. ಅದರಲ್ಲಿ ರೆಕ್ಕೆಗಳು ಬೆಳ್ಳಗೆ ಕಾಣುತ್ತಿದ್ದುವು. 1959ರಲ್ಲಿ ಹೊರಬಂದ ಜರ್ಮನ್ ವರದಿಯು ರೆಕ್ಕೆಯ ಮಂಜುಗಡ್ಡೆಯನ್ನು ಮುಖ್ಯ ಕಾರಣವೆಂದಿತು. ರೆಕ್ಕೆಯನ್ನು ನೋಡಿಕೊಳ್ಳುವುದು ಕ್ಯಾಪ್ಟನನ ಹೊಣೆ. ಹಾದಿಯನ್ನು ನೋಡಿಕೊಳ್ಳುವುದು ನಿಲ್ದಾಣದ ಹೊಣೆ. ಹೀಗಿರುವಾಗ ಕಾರಣವು ರೆಕ್ಕೆಯ ಮೇಲಿತ್ತೇ, ಹಾದಿಯ ಮೇಲಿತ್ತೇ ಎಂಬುದು ಕೇವಲ ವಿಜ್ಞಾನದ ಪ್ರಶ್ನೆಯಾಗಿ ಉಳಿಯಲಿಲ್ಲ. ಇಪ್ಪತ್ತಮೂರು ಸಾವುಗಳ ಭಾರವನ್ನು ಯಾರ ತಲೆಯ ಮೇಲೆ ಇಡಬೇಕೆಂಬ ಪ್ರಶ್ನೆಯೂ ಅದೇ ಆಯಿತು.

ಬ್ರಿಟನ್ನಿನಲ್ಲಿಯೂ ಅವನಿಗೆ ಆಸರೆ ದೊರೆಯಲಿಲ್ಲ. ಮೊದಲು ಅವನನ್ನು ಅಮಾನತಿನಲ್ಲಿಟ್ಟರು. 1960ರಲ್ಲಿ ಅವನ ನಡತೆಯನ್ನು ವಿಚಾರಿಸಿದ ಒಂದು ಸಮಿತಿಯು, ರೆಕ್ಕೆಗಳನ್ನು ಸಾಕಷ್ಟು ಪರೀಕ್ಷಿಸಲಿಲ್ಲ, ಆಸನದ ನಿಯಮವನ್ನು ಪಾಲಿಸಲಿಲ್ಲ ಎಂದು ಹೇಳಿತು. ಸಂಸ್ಥೆಯು ಅವನನ್ನು ಕೆಲಸದಿಂದ ತೆಗೆದುಹಾಕಿತು. ಮತ್ತೆ ಎಂದೂ ಸೇರಿಸಿಕೊಳ್ಳಲಿಲ್ಲ. ಥೇನನು ತನ್ನ ಕೋಳಿ ಸಾಕಣೆಗೆ ಹಿಂದಿರುಗಿದನು. ಹಗಲೆಲ್ಲ ತೋಟದ ಕೆಲಸ. ಅದರ ಜೊತೆಗೆ ಕಾಗದಪತ್ರಗಳು, ಲೆಕ್ಕಗಳು, ಅರ್ಜಿಗಳು. ಬ್ರಿಟಿಷ್ ವಿಮಾನಚಾಲಕರ ಸಂಘವು ಅವನ ಪಕ್ಷವನ್ನು ಹಿಡಿಯಿತು. ಅವನು ಬಯಸಿದ್ದು ಹಣವಲ್ಲ, ಪದವಿಯಲ್ಲ. ಆ ಮುಳ್ಳು 117ರಿಂದ 105ಕ್ಕೆ ಏಕೆ ಇಳಿಯಿತು ಎಂಬ ಒಂದೇ ಪ್ರಶ್ನೆಗೆ ಉತ್ತರ ಬೇಕಾಗಿತ್ತು.

ಏಕೆಂದರೆ ಮಂಜುಗಡ್ಡೆಯ ವಾದದಲ್ಲಿ ಒಂದು ದೊಡ್ಡ ಕೊರತೆಯಿತ್ತು. ರೆಕ್ಕೆಯ ಮಂಜುಗಡ್ಡೆಯು ವಿಮಾನವನ್ನು ಏರಗೊಡದಿರಬಹುದು. ಆದರೆ ನೆಲದ ಮೇಲೆ ಓಡುತ್ತಿರುವ ವಿಮಾನದ ವೇಗವನ್ನು ಹಠಾತ್ತನೆ ಹನ್ನೆರಡು ನಾಟ್ ಹಿಂದಕ್ಕೆ ಎಳೆಯುವಂಥದು ಬೇರೆ ಏನೋ ಇರಬೇಕು. ಅದು ಹಾದಿಯ ಮೇಲಿನ ಹಿಮದ ಕೆಸರು. ನಮ್ಮ ನಾಡಿನಲ್ಲಿ ಹಿಮ ಬೀಳುವುದಿಲ್ಲವಾದರೂ ಕೆಸರಿನ ಗುಣವನ್ನು ನಾವು ಅರಿಯದವರಲ್ಲ. ಮಳೆಗಾಲದಲ್ಲಿ ಒಣ ರಸ್ತೆಯ ಮೇಲೆ ಸಲೀಸಾಗಿ ಬಂದ ಸೈಕಲ್ಲು ಕೆಸರಿಗೆ ಇಳಿದೊಡನೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ತಡೆಯುವುದನ್ನು ಬಲ್ಲೆವು. ವಿಮಾನದ ಚಕ್ರವೂ ಹಾಗೆಯೇ. ಅದು ಕೆಸರನ್ನು ಪಕ್ಕಕ್ಕೆ ತಳ್ಳಬೇಕು, ಮೇಲಕ್ಕೆ ಚಿಮ್ಮಬೇಕು. ಚಿಮ್ಮಿದ್ದು ಹೊಟ್ಟೆಗೂ ರೆಕ್ಕೆಗೂ ಬಡಿಯುತ್ತದೆ. ವೇಗವು ಎರಡರಷ್ಟಾದರೆ ಈ ತಡೆಯು ಸುಮಾರು ನಾಲ್ಕರಷ್ಟಾಗುತ್ತದೆ. ನಿಧಾನವಾಗಿ ಹೋಗುವ ವಾಹನಕ್ಕೆ ಏನೂ ಅಲ್ಲದ ಅರ್ಧ ಅಂಗುಲದ ಕೆಸರು, ನೆಲ ಬಿಡಲಿರುವ ವಿಮಾನಕ್ಕೆ ಗೋಡೆಯಾಗಬಲ್ಲುದು. 1958ರಲ್ಲಿ ಇದು ನಿಲ್ದಾಣದವರಿಗೆ ಸರಿಯಾಗಿ ತಿಳಿದಿರಲಿಲ್ಲ. ಚಾಲಕರ ಕೈಯಲ್ಲಿದ್ದ ಲೆಕ್ಕಗಳಲ್ಲಿಯೂ ಅದಕ್ಕೆ ತಕ್ಕ ಸ್ಥಾನವಿರಲಿಲ್ಲ.

1960ರ ದಶಕದಲ್ಲಿ ಬ್ರಿಟನ್ನಿನ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನ ವಿಜ್ಞಾನಿಗಳೂ ಅಮೆರಿಕದ ವಿಜ್ಞಾನಿಗಳೂ ನಿಜವಾದ ವಿಮಾನಗಳನ್ನು ನೀರಿನಲ್ಲಿಯೂ ಕೆಸರಿನಲ್ಲಿಯೂ ಓಡಿಸಿ ತಡೆಯನ್ನು ಅಳೆದರು. ಅಳತೆಗಳು ಥೇನನ ಮಾತಿಗೆ ಒತ್ತಾಸೆಯಾದುವು. ಇನ್ನೊಂದು ವಿಷಯವೂ ಸ್ಪಷ್ಟವಾಯಿತು. ಹಾದಿಯ ಮೊದಲ ಭಾಗದ ಕೆಸರನ್ನು ಅಂದು ಓಡಿದ ಬೇರೆ ವಿಮಾನಗಳ ಚಕ್ರಗಳು ಕಲಕಿ ಚದುರಿಸಿದ್ದುವು. ಕೊನೆಯ ಭಾಗದವರೆಗೆ ಹೋಗುವ ಅಗತ್ಯ ಅವುಗಳಿಗೆ ಇರಲಿಲ್ಲ. ಥ್ರಾಟಲನ್ನು ನಿಧಾನವಾಗಿ ತೆರೆದ ಥೇನನ ವಿಮಾನವು, ಯಾರೂ ತುಳಿಯದ ಆ ಕೆಸರನ್ನು, ತನ್ನ ಅತ್ಯಂತ ಹೆಚ್ಚಿನ ವೇಗದಲ್ಲಿ ಹೊಕ್ಕಿತು. ಎಂಜಿನ್ನಿಗೆ ಹಿತವಾದ ಉಪಾಯವೇ ವಿಮಾನವನ್ನು ಅಪಾಯದ ಭಾಗಕ್ಕೆ ಒಯ್ದಿತು. ವಿ-ಒನ್ ಎಂಬ ಲೆಕ್ಕದೊಳಗೆ ಒಂದು ಮಾತಿಲ್ಲದ ನಂಬಿಕೆ ಅಡಗಿದೆ. ಹಾದಿಯು ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿದೆ, ಒಮ್ಮೆ ಬಂದ ವೇಗ ಮತ್ತೆ ಇಳಿಯುವುದಿಲ್ಲ ಎಂಬುದೇ ಆ ನಂಬಿಕೆ. ಅಂದು ಮುರಿದುದು ಅದೇ.

ಛಾಯಾಚಿತ್ರದ ರಹಸ್ಯವೂ ಬಯಲಾಯಿತು. ಪತ್ರಿಕೆಗಳಲ್ಲಿ ಬಂದುದು ನಕಲು ನೆಗೆಟಿವಿನಿಂದ ಮಾಡಿದ ಪ್ರತಿ. ಮೂಲ ನೆಗೆಟಿವನ್ನು ತರಿಸಿ ನೋಡಿದಾಗ ರೆಕ್ಕೆಯ ಮೇಲೆ ಹಿಮವೇ ಇರಲಿಲ್ಲ. ಬೆಳ್ಳಗೆ ಕಂಡದ್ದು ಬೆಳಕಿನ ಪ್ರತಿಫಲನ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ನಮ್ಮ ಹಿರಿಯರ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ರೆಕ್ಕೆಯ ಮೇಲೆ ಮಂಜುಗಡ್ಡೆಯನ್ನು ಕಾಣಲಿಲ್ಲವೆನ್ನುವ ಸಾಕ್ಷಿಗಳಿದ್ದರೂ ಅವರನ್ನು ಮೊದಲ ವಿಚಾರಣೆಗೆ ಕರೆದಿರಲಿಲ್ಲವೆಂಬುದೂ ತಿಳಿದುಬಂದಿತು. ಜರ್ಮನಿಯು ದಶಕದ ನಡುವೆ ಮತ್ತೊಮ್ಮೆ ವಿಚಾರಣೆ ನಡೆಸಿ ಕೆಸರಿಗೂ ಪಾಲು ಉಂಟೆಂದು ಒಪ್ಪಿತಾದರೂ ಮಂಜುಗಡ್ಡೆಯ ವಾದವನ್ನು ಬಿಡಲಿಲ್ಲ. ಆಗ ಬ್ರಿಟಿಷ್ ಸರ್ಕಾರವು ಎಡ್ಗರ್ ಫೇ ಎಂಬ ನ್ಯಾಯವಾದಿಯ ಅಧ್ಯಕ್ಷತೆಯಲ್ಲಿ ಹೊಸ ಆಯೋಗವನ್ನು ನೇಮಿಸಿತು. 1969ರಲ್ಲಿ ಅದರ ವರದಿಯು ಪ್ರಕಟವಾಯಿತು. ಅಪಘಾತಕ್ಕೆ ಕಾರಣ ಹಾದಿಯ ಮೇಲಿನ ಕೆಸರು, ಮಂಜುಗಡ್ಡೆಯ ಪಾಲು ಇದ್ದಿರಬಹುದಾದರೂ ಅದು ಅಸಂಭವ, ಥೇನನ ಮೇಲೆ ಅಪಘಾತದ ದೋಷವನ್ನು ಹೊರಿಸಲಾಗದು ಎಂದು ಅದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಹನ್ನೊಂದು ವರ್ಷಗಳು ಕಳೆದಿದ್ದುವು.

ಅದರ ಹಿಂದಿನ ವರ್ಷ, 1968ರ ಮೇ ತಿಂಗಳಲ್ಲಿ, ಮ್ಯಾಟ್ ಬಸ್‌ಬಿಯು ಮತ್ತೆ ಕಟ್ಟಿದ ಮ್ಯಾಂಚೆಸ್ಟರ್ ತಂಡವು ಯುರೋಪಿಯನ್ ಕಪ್ಪನ್ನು ಗೆದ್ದಿತ್ತು. ಮ್ಯೂನಿಕ್ಕಿನಲ್ಲಿ ಬದುಕುಳಿದ ಬಾಬಿ ಚಾರ್ಲ್‌ಟನ್ ಅದರ ನಾಯಕ. ತಂಡವು ಮತ್ತೆ ಎದ್ದು ನಿಂತಿತು. ಥೇನನಿಗೆ ಹೆಸರು ಮಾತ್ರ ಹಿಂದಿರುಗಿತು; ವಿಮಾನ ಹಿಂದಿರುಗಲಿಲ್ಲ. ಹಾರುವ ವಯಸ್ಸು ವಿಚಾರಣೆಗಳಲ್ಲಿಯೇ ಮುಗಿದಿತ್ತು. 1975ರ ಆಗಸ್ಟಿನಲ್ಲಿ, ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ಅವನು ತೀರಿಕೊಂಡನು.

ಥೇನನು ತಪ್ಪೇ ಮಾಡದವನೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆಸನದ ನಿಯಮವನ್ನು ಅವನು ಮೀರಿದನು. ರೆಕ್ಕೆಯನ್ನು ಹತ್ತಿರದಿಂದ ನೋಡಬಹುದಾಗಿತ್ತು. ನೋಡಿದ್ದರೆ ಹನ್ನೊಂದು ವರ್ಷದ ವಾದಕ್ಕೆ ಅಂದೇ ಉತ್ತರ ಸಿಕ್ಕುತ್ತಿತ್ತು. ಎರಡು ಸಲ ನಿಂತ ವಿಮಾನವನ್ನು ರಾತ್ರಿ ನಿಲ್ಲಿಸಿಕೊಳ್ಳಬಹುದಾಗಿತ್ತು. ಊರು ಸೇರಬೇಕೆಂಬ ಅವಸರವು ಎಲ್ಲರ ಮನಸ್ಸಿನ ಮೇಲೂ ಇದ್ದಾಗ, ಇಂದು ಬೇಡ ಎಂದು ಹೇಳುವುದು ಚಾಲಕನ ಕೆಲಸದಲ್ಲಿ ಬಹು ಕಠಿಣವಾದ ಭಾಗ. ಆದರೆ ಮಾಡಿದ ತಪ್ಪು ಬೇರೆ, ಮಾಡದ ತಪ್ಪು ಬೇರೆ. ಒಬ್ಬನು ಒಂದು ನಿಯಮವನ್ನು ಮೀರಿದನೆಂಬ ಕಾರಣಕ್ಕೆ ನಡೆದುದಕ್ಕೆಲ್ಲ ಅವನೇ ಹೊಣೆಯೆನ್ನುವುದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ. ಅದರಿಂದ ಆಗುವ ಕೇಡು ಆ ಒಬ್ಬನಿಗೆ ಮಾತ್ರವಲ್ಲ. ರೆಕ್ಕೆಯೇ ಕಾರಣವೆಂದು ಎಲ್ಲರೂ ನಂಬಿ ಸುಮ್ಮನಾಗಿದ್ದರೆ ಕೆಸರು ತುಂಬಿದ ಹಾದಿಗಳ ಮೇಲೆ ಇನ್ನೆಷ್ಟು ವಿಮಾನಗಳು ಓಡುತ್ತಿದ್ದುವೋ, ಇನ್ನೆಷ್ಟು ಮನೆಗಳಲ್ಲಿ ದೀಪ ಆರುತ್ತಿತ್ತೋ.

ಇಂದು ಕೆಸರಿರುವ ಹಾದಿಯ ಮೇಲೆ ವಿಮಾನ ಏರಿಸುವುದಕ್ಕೆ ಮಿತಿಗಳಿವೆ; ಅನೇಕ ವಿಮಾನಗಳಿಗೆ ಆ ಮಿತಿ ಅರ್ಧ ಅಂಗುಲದ ಸುಮಾರು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 2021ರ ನವೆಂಬರಿನಿಂದ ಜಾರಿಗೆ ತಂದ ಕ್ರಮದಂತೆ, ನಿಲ್ದಾಣದವರು ಹಾದಿಯನ್ನು ಮೂರು ಭಾಗಗಳಾಗಿ ಮಾಡಿ, ಒಂದೊಂದು ಭಾಗದ ಮೇಲೂ ನೀರು, ಹಿಮ, ಕೆಸರು ಏನಿದೆ, ಎಷ್ಟು ಆಳವಿದೆ ಎಂಬುದನ್ನು ಬೇರೆಬೇರೆಯಾಗಿ ಚಾಲಕರಿಗೆ ತಿಳಿಸಬೇಕು. ಕೊನೆಯ ಮೂರನೆಯ ಭಾಗದಲ್ಲಿ ಏನಿದೆಯೆಂದು ಥೇನನಿಗೂ ರೇಮೆಂಟನಿಗೂ ಅಂದು ಯಾರಾದರೂ ಹೇಳಿದ್ದರೆ, ಎರಡು ಸಲ ನಿಲ್ಲಿಸಿದ ಆ ಕೈಗಳು ಮೂರನೆಯ ಸಲ ಓಟವನ್ನೇ ತೊಡಗುತ್ತಿರಲಿಲ್ಲ. ರೀಮ್ ನಿಲ್ದಾಣವು 1992ರಲ್ಲಿ ಮುಚ್ಚಿಹೋಯಿತು. ಅಲ್ಲಿ ಕಲಿತ ಪಾಠವು ಉಳಿದಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಲ್ಲಿ ಗಾದೆಯಿದೆ. ಚಾಲಕನಾಗಲಿ, ತನಿಖೆ ನಡೆಸುವವನಾಗಲಿ, ಇನ್ನೊಬ್ಬರ ಹೊಣೆಯನ್ನು ತೂಗುವ ಯಾರೇ ಆಗಲಿ, ಈ ಗಾದೆಯನ್ನು ಮರೆಯಬಾರದು. ವಿದ್ಯಾರ್ಥಿಗಳಾದ ನಾವು ನಾಳೆ ಕಚೇರಿಗಳಲ್ಲಿಯೋ ನ್ಯಾಯಾಲಯಗಳಲ್ಲಿಯೋ ಶಾಲೆಗಳಲ್ಲಿಯೋ ಕುಳಿತು ತೀರ್ಮಾನ ಹೇಳುವವರಾಗುತ್ತೇವೆ. ಒಂದು ಕೆಲಸ ಕೆಟ್ಟಾಗ ಯಾರು ಕೆಡಿಸಿದರು ಎಂದು ಕೇಳುವುದು ಸುಲಭ. ಏಕೆ ಕೆಟ್ಟಿತು ಎಂದು ಕೇಳುವುದಕ್ಕೆ ತಾಳ್ಮೆ ಬೇಕು. ಮೊದಲನೆಯ ಪ್ರಶ್ನೆಗೆ ಮ್ಯೂನಿಕ್ಕಿನಲ್ಲಿ ಬಲುಬೇಗ ಉತ್ತರ ಸಿಕ್ಕಿತು, ಅದು ತಪ್ಪಾಗಿತ್ತು. ಎರಡನೆಯ ಪ್ರಶ್ನೆಯನ್ನು ಬಿಡದೆ ಕೇಳಿದ ಒಬ್ಬ ಮನುಷ್ಯನಿಂದ ಲಕ್ಷಾಂತರ ಪ್ರಯಾಣಿಕರ ಹಾದಿ ಸುರಕ್ಷಿತವಾಗಲು ದಾರಿಯಾಯಿತು. ಕ್ಯಾಪ್ಟನ್ ಜೇಮ್ಸ್ ಥೇನನ ಹೆಸರನ್ನು ನಾವು ನೆನೆಯಬೇಕಾದದ್ದು ಅದಕ್ಕಾಗಿ.